ಪೂವಪ್ಪನ ಎರಡು ಹೊತ್ತಿನ ಗಂಜಿ

ದೇರೆಬೈಲಿನ ಕಿನ್ನಿಗೆ ಆ ವಾರ ಒಂದೇ ಧ್ಯಾನ. ಮಗಳು ಅಕ್ಷಿತಾ ತನ್ನ ಜೊತೆ ಆಸ್ಪತ್ರೆಯಲ್ಲಿ ಕೆಲಸ ಮಾಡುವ ಬಾಗಲಕೋಟೆಯ ಹುಡುಗನನ್ನು ಮೆಚ್ಚಿದ್ದಳು. ಹುಡುಗನ ತಾಯಿ ನೀಲವ್ವ ಮನೆತನ ನೋಡಲೆಂದು ಬಂದು ನಾಲ್ಕು ದಿನಕ್ಕೆ ಅವರಲ್ಲೇ ಉಳಿದಿದ್ದರು. ಹೊರಡುವ ಮುಂಚೆ ಅವರ ಬಾಯಿಂದ ‘ಹೂಂ’ ಬರಬೇಕು.

ಮೊದಲ ದಿನವೇ ತಾಳ ತಪ್ಪಿತು. ಬೆಳಿಗ್ಗೆ ಚಾಕ್ಕೆ ಕರೆದರೆ ನೀಲವ್ವ ಒಂದು ಲೋಟ ಚಹಾ ಕುಡಿದು ಎದ್ದೇಬಿಟ್ಟರು. ಕಿನ್ನಿಯ ಕಡೆ ಚಾ ಎಂದರೆ ತಿಂಡಿಯೂ ಸೇರಿ; ನೀರುದೋಸೆ ಇನ್ನೂ ಕಾವಲಿಯ ಮೇಲಿತ್ತು. ಇವರ ಮನೆಯಲ್ಲಿ ನಾಷ್ಟಾ ಎಷ್ಟೊತ್ತಿಗೆ ಎಂದು ಆಮೇಲೆ ಮಗನಿಗೆ ಫೋನಿನಲ್ಲಿ ಕೇಳಿದರಂತೆ. ರಾತ್ರಿ ತಮ್ಮ ಗಂಟಿನಿಂದ ಮೂರು ಖಡಕ್ ರೊಟ್ಟಿ ತೆಗೆದು ತಿಂದು, ಊಟವಾಯಿತೆಂದು ಕೈ ತೊಳೆದರು. ಅನ್ನ ಮುಟ್ಟದೆ ಊಟ ಹೇಗಾಗುತ್ತದೆ? ಕಿನ್ನಿಯ ಮನೆಯಲ್ಲಿ ರೊಟ್ಟಿ, ಚಪಾತಿಯೆಲ್ಲ ಬರೀ ತಿಂಡಿ. ಪಾಪ, ಹಸಿದಿರಬೇಕೆಂದು ಅವಳು ಅನ್ನದ ಪಾತ್ರೆ ಹಿಡಿದು ಕೋಣೆಯ ಬಾಗಿಲವರೆಗೂ ಹೋಗಿ ಹಿಂದೆ ಬಂದಳು.

ಮೂರನೆಯ ದಿನ ಅಕ್ಷಿತಾ ಮುಖ ಸಣ್ಣ ಮಾಡಿಕೊಂಡು ಬಂದಳು.

“ಅಪ್ಪನಿಗೆ ಎಂತ ಕಾಯಿಲೆ ಅಂತ ಅವರು ಕೇಳ್ತಾ ಇದ್ದಾರಂತೆ ಅಮ್ಮ. ಗುಣ ಆದ ಮೇಲೆ ಮದುವೆ ಮಾತಾಡುವ ಅಂತೆ.”

ಕೆದಕಿ ಕೇಳಿದಾಗ ಬುಡ ಸಿಕ್ಕಿತು. ಕಿನ್ನಿಯ ಗಂಡ ಪೂವಪ್ಪ ಬೆಳಿಗ್ಗೆ ಹತ್ತಕ್ಕೂ ರಾತ್ರಿಯೂ ಕುಚ್ಚಲಕ್ಕಿ ಗಂಜಿ ಉಣ್ಣುವುದನ್ನು ನೀಲವ್ವ ಕಣ್ಣಾರೆ ನೋಡಿದ್ದರು. ಅವರ ಕಡೆ ಗಂಜಿ ಹಾಸಿಗೆ ಹಿಡಿದವರಿಗೆ. ದಿನಾ ಎರಡು ಹೊತ್ತು ಗಂಜಿ ಎಂದರೆ ಹೆಣ್ಣಿನವರು ಏನೋ ದೊಡ್ಡದನ್ನೇ ಮುಚ್ಚಿಡುತ್ತಿದ್ದಾರೆ ಎಂಬುದು ಅವರ ಲೆಕ್ಕ.

ಕಿನ್ನಿ ವಾದಕ್ಕೆ ಹೋಗಲಿಲ್ಲ. ಇಲ್ಲ ಇಲ್ಲ ಎಂದಷ್ಟೂ ಹೌದು ಅನ್ನಿಸುವ ವಿಷಯ ಅದು. ಮರುದಿನ ಬೆಳಿಗ್ಗೆ ನೀಲವ್ವನಿಗೆ ಹಿತ್ತಲಲ್ಲಿ ಕುರ್ಚಿ ಹಾಕಿ, ಗಂಡನ ಮುಂದೆ ನಲವತ್ತು ತೆಂಗಿನಕಾಯಿ ಸುರಿದಳು. ಹತ್ತು ವರ್ಷದಿಂದ ಕಾಯಿ ಸುಲಿಯಲು ಆಳು ಬರುತ್ತಿದ್ದ.

“ಇವತ್ತೇ ಸುಲಿಯಬೇಕಾ ಮಾರಾಯ್ತಿ?” ಪೂವಪ್ಪ ಪಿಸುಗುಟ್ಟಿದ.

“ಮಗಳ ಮದುವೆ ಆಗಬೇಕಾ, ಬೇಡ್ವಾ?”

ನೆಲಕ್ಕೆ ನೆಟ್ಟ ಹಾರೆಗೆ ಅವನು ಕಾಯಿ ಕುಟ್ಟಿದ. ಅರವತ್ತಮೂರರ ಮೈ, ನಿಲ್ಲಲು ನೋಡಿದಾಗಲೆಲ್ಲ ಕಿನ್ನಿ ಕೆಮ್ಮಿದಳು. ಹತ್ತು ಗಂಟೆಗೆ ಬೆವರೊರೆಸಿ ಕುಳಿತು, ಹುರುಳಿ ಚಟ್ನಿಯೊಂದಿಗೆ ಎರಡು ಬಟ್ಟಲು ಗಂಜಿ ಉಂಡ.

ಕಾಯಿಯ ರಾಶಿಯನ್ನೂ ಬಟ್ಟಲನ್ನೂ ಬಹಳ ಹೊತ್ತು ನೋಡಿದ ನೀಲವ್ವ ತಮಗೂ ಸ್ವಲ್ಪ ಹಾಕಲು ಹೇಳಿದರು. ಅದಕ್ಕೆ ಖಡಕ್ ರೊಟ್ಟಿ ಮುರಿದು ಹಾಕಿಕೊಂಡು ಎರಡನೆಯ ಸಲ ಬಟ್ಟಲು ಮುಂದೆ ತಂದರು.

“ಇದಕ್ಕ ಏನಂತೀರಿ ಅಕ್ಕಾರ? ನಾಷ್ಟಾನೋ, ಊಟಾನೋ?”

“ಎರಡೂ ಅಲ್ಲ ಅಕ್ಕ. ಹತ್ತು ಗಂಟೆಯದ್ದು.”

ಸಂಜೆ ಬಸ್ಸು ಹತ್ತುವಾಗ ನೀಲವ್ವ ಅಕ್ಷಿತಾಳ ತಲೆ ಸವರಿ, ಒಳ್ಳೆಯ ದಿನ ನೋಡಿಸಲು ಹೇಳಿದರು.

ಮರುದಿನ ಬಾಗಲಕೋಟೆಯಿಂದ ಫೋನ್ ಬಂತು. ಬೀಗರು ಹೇಗಿದ್ದಾರೆಂದು ವಿಚಾರಣೆ. ಬೀಗರು ಚಾಪೆಯ ಮೇಲೆ ಬೋರಲು ಮಲಗಿದ್ದರು, ಸೊಂಟ ಅಲ್ಲಾಡಿಸುವಂತಿರಲಿಲ್ಲ. ಕಿನ್ನಿ ಒಂದು ಕೈಯಲ್ಲಿ ಬಿಸಿ ಎಣ್ಣೆ ತಿಕ್ಕುತ್ತಾ ನಿಜವನ್ನೇ ಹೇಳಿದಳು.

“ಈಗಷ್ಟೇ ಎರಡು ಬಟ್ಟಲು ಗಂಜಿ ಉಂಡ್ರು.”

“ಹಂಗಾರ ಗಟ್ಟಿ ಅದಾರ ಬಿಡ್ರಿ,” ಎಂದು ನೀಲವ್ವ ನಿಶ್ಚಿಂತೆಯಿಂದ ಫೋನ್ ಇಟ್ಟರು.