ಶ್ಯಾಮಲಮ್ಮನ ಜಾಗ

"ಇನ್ನೊಂದು ಚೊಂಬು ಹಾಕಮ್ಮ, ಬೆರಳ ಸಂದೀಲಿ ಸೀಗೆಪುಡಿ ನಿಂತಿದೆ," ಎಂದಳು ಮಂಗಮ್ಮ.

ಅಶ್ವತ್ಥಮ್ಮ ನೀರು ಹುಯ್ದಳು. ನಾಲ್ಕು ಹೆಂಗಸರು ಸುತ್ತಲೂ ಸೀರೆ ಅಡ್ಡ ಹಿಡಿದು ನಿಂತಿದ್ದರು. ಹಲಗೆಯ ಮೇಲೆ ಶ್ಯಾಮಲಮ್ಮ ಮಲಗಿದ್ದಳು. ನಿನ್ನೆ ಸಂಜೆ ಕೆಲಸದಿಂದ ಬಂದು ಎದೆನೋವು ಅಂದವಳು, ಆಟೋ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದಳು. ಅವಳಿಗೆ ಐವತ್ತೈದು. ಅಶ್ವತ್ಥಮ್ಮನಿಗೂ ಅಷ್ಟೇ.

ಬೆರಳು ತೊಳೆಯಲೆಂದು ಅಶ್ವತ್ಥಮ್ಮ ಆ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು. ನುಣ್ಣಗಿತ್ತು. ಒಂದು ಬಿರುಕಿಲ್ಲ, ಗುಳ್ಳೆಯ ಗುರುತಿಲ್ಲ, ಉಗುರುಗಳೆಲ್ಲ ಸರಿಯಾಗಿದ್ದವು. ಅದನ್ನು ಹಿಡಿದ ತನ್ನ ಬೆರಳುಗಳೋ, ದಿನವಿಡೀ ನೀರಲ್ಲಿ ನೆನೆದ ಬಟ್ಟೆಯ ಹಾಗೆ ಬೆಳ್ಳಗೆ ಸುಕ್ಕಿದ್ದವು. ಸತ್ತವಳ ಕೈ ನೋಡಿಯೂ ಹೊಟ್ಟೆ ಉರಿಯುತ್ತದಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ನಾಚಿಕೆಯಾದರೂ ಉರಿ ಆರಲಿಲ್ಲ.

"ಎಷ್ಟು ಜನ ಬಂದವ್ರೆ ನೋಡು," ಎಂದಳು ಮಂಗಮ್ಮ. "ಸಾವ್ಕಾರ್ರೂ ಬರ್ತಾರಂತೆ, ಕಾರಲ್ಲಿ."

ಅಶ್ವತ್ಥಮ್ಮ ಕಾಯುತ್ತಿದ್ದುದೂ ಅವರನ್ನೇ. ಅವರ ಕಾರ್ಖಾನೆಯಲ್ಲಿ ಶ್ಯಾಮಲಮ್ಮನ ಜಾಗ ಈಗ ಖಾಲಿ. ಬೆಳಗ್ಗೆ ಸುದ್ದಿ ಕೇಳಿದಾಗ ಬಾಯಿ ಅಯ್ಯೋ ಎಂದಿತ್ತು. ಮನಸ್ಸು ಮಾತ್ರ ಆ ಜಾಗಕ್ಕೆ ಹೋಗಿ ಕೂತಿತ್ತು.

*

ಹದಿನಾರನೇ ವಯಸ್ಸಿಗೆ ಇಬ್ಬರೂ ಒಂದೇ ದಿನ ಸಾವ್ಕಾರ್ ವೆಂಕಟರಾಮಪ್ಪನವರ ಫಿಲೇಚರಿಗೆ ರೇಷ್ಮೆ ನೂಲು ತೆಗೆಯಲು ಸೇರಿದ್ದರು. ಕುದಿಯುವ ಬೇಸಿನ್ನಿಗೆ ಕೈ ಹಾಕಿ, ಬೆಂದ ಗೂಡಿನ ಎಳೆಯ ತುದಿ ಹುಡುಕಿ, ತಿರುಗುವ ರಾಟೆಗೆ ಹಚ್ಚುವ ಕೆಲಸ. ಕಣ್ಣಿಗೆ ಕಾಣದ ಆ ತುದಿ ಅಶ್ವತ್ಥಮ್ಮನ ಬೆರಳಿಗೆ ತಾನಾಗಿಯೇ ಸಿಕ್ಕುತ್ತಿತ್ತು. ಶಿಡ್ಲಘಟ್ಟದಲ್ಲೇ ಅಂಥ ಕೈ ಇಲ್ಲ ಎನ್ನುತ್ತಿದ್ದರು. ಶ್ಯಾಮಲಮ್ಮ ಬೈಸಿಕೊಂಡೇ ಕಾಲ ಕಳೆದಳು. ಅವಳ ನೂಲಲ್ಲಿ ಗಂಟು, ಅವಳ ಬೇಸಿನ್ನಲ್ಲಿ ಅರ್ಧಕ್ಕರ್ಧ ಗೂಡು ಹಾಳು.

ಎಂಟು ವರ್ಷದ ಹಿಂದೆ ಆಟೋಮ್ಯಾಟಿಕ್ ಮಿಷಿನ್ ಬಂತು. ತುದಿ ಹುಡುಕುವುದನ್ನೂ ಅದೇ ಮಾಡುತ್ತಿತ್ತು. ಅದನ್ನು ನೋಡಿಕೊಳ್ಳಲು ಒಬ್ಬಳನ್ನು ತಿಂಗಳ ತರಬೇತಿಗೆ ಕಳಿಸಬೇಕಿತ್ತು.

"ಅಶ್ವತ್ಥಮ್ಮನ್ನ ಕಳಿಸಿದ್ರೆ ಇಲ್ಲಿ ಬೇಸಿನ್ ಯಾರು ನೋಡ್ತಾರೆ?" ಎಂದಿದ್ದರು ವೆಂಕಟರಾಮಪ್ಪ. "ಶ್ಯಾಮಲಮ್ಮ ಹೋಗ್ಲಿ. ಅವಳು ಹೋದ್ರೆ ನಮಗೇನೂ ನಷ್ಟ ಇಲ್ಲ."

ಎಲ್ಲರೂ ನಕ್ಕರು. ಅಶ್ವತ್ಥಮ್ಮನೇ ಎಲ್ಲರಿಗಿಂತ ಜೋರಾಗಿ ನಕ್ಕಳು. "ಹೋಗಮ್ಮ, ಗುಂಡಿ ಒತ್ತಕ್ಕೆ ನೀನೇ ಸರಿ," ಎಂದೂ ಹೇಳಿದಳು. ಅವತ್ತು ಅವಳು ಬೀಗಿದ್ದೇ ಬೀಗಿದ್ದು.

ವರ್ಷ ತುಂಬುವುದರೊಳಗೆ ಬೇಸಿನ್ನುಗಳೆಲ್ಲ ಗುಜರಿಗೆ ಹೋದವು. ಅಶ್ವತ್ಥಮ್ಮ ಊರಾಚೆ ಇನ್ನೂ ಕೈಯಲ್ಲೇ ನೂಲು ತೆಗೆಸುತ್ತಿದ್ದ ಸಣ್ಣ ರೀಲರ್ ಒಬ್ಬರ ಬಳಿ ಸೇರಿದಳು; ಗೂಡು ಬಂದ ದಿನ ಕೆಲಸ, ಬಾರದ ದಿನ ಇಲ್ಲ. ಶ್ಯಾಮಲಮ್ಮನಿಗೆ ಅದರ ಎರಡರಷ್ಟು ಕೂಲಿ, ಅದೂ ತಿಂಗಳ ಸಂಬಳ, ಜೊತೆಗೆ ಪಿಎಫ್. ಮಗಳು ಪ್ರಿಯಾಂಕ ನರ್ಸಿಂಗ್ ಓದಿ ಚಿಕ್ಕಬಳ್ಳಾಪುರದಲ್ಲಿ ಕೆಲಸಕ್ಕೆ ಸೇರಿದಳು. ಕೈ ಕೆಸರಾದರೆ ಬಾಯಿ ಮೊಸರು ಎಂದು ಗಾದೆ ಕಟ್ಟಿದವನು ಶಿಡ್ಲಘಟ್ಟದ ಕಡೆ ಬಂದಿರಲಾರ.

*

ಹೆಣಕ್ಕೆ ಸೀರೆ ಉಡಿಸಿ ಜಗಲಿಯ ಮೇಲೆ ಮಲಗಿಸುವಾಗ ಕಾರು ಬಂತು. ವೆಂಕಟರಾಮಪ್ಪ ದೊಡ್ಡ ಸುಗಂಧರಾಜದ ಹಾರ ಹಾಕಿ ಕೈಮುಗಿದರು. ಅವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಅಶ್ವತ್ಥಮ್ಮ ಪಕ್ಕದಲ್ಲಿ ನಿಂತಿದ್ದಳು.

"ಫಿಲೇಚರಿಂದ ಇನ್ಯಾರೂ ಬರ್ಲಿಲ್ವಾ, ಸ್ವಾಮಿ? ಮುಂಚೆ ನಮ್ಮಲ್ಲಿ ಯಾರು ಹೋದ್ರೂ ಬೇಸಿನ್ ಒಲೆ ಎಲ್ಲಾ ಆರಿಸ್ತಿದ್ವಿ."

"ಈಗ ಆಗಲ್ಲ ಕಣಮ್ಮ. ಮಿಷಿನ್ ನಿಂತ್ರೆ ಬೇಯ್ಸಿರೋ ಗೂಡೆಲ್ಲ ಮಣ್ಣುಪಾಲು."

ಕೇಳುವ ಜಾಗವಲ್ಲ, ಹೊತ್ತೂ ಅಲ್ಲ. ಆದರೂ ಕೇಳಿದಳು. "ಅವಳ ಜಾಗಕ್ಕೆ ನಾನು ಬರ್ತೀನಿ. ನನ್ನ ಕೈ ನಿಮಗೆ ಗೊತ್ತಲ್ಲ."

ವೆಂಕಟರಾಮಪ್ಪ ಅವಳ ಕೈಯನ್ನೊಮ್ಮೆ ನೋಡಿದರು. "ನಿನ್ನ ಕೈ ಮರೆಯಕ್ಕಾಗುತ್ತಾ ಅಶ್ವತ್ಥಮ್ಮ! ಆದ್ರೆ ಬೆಳಗ್ಗೆ ಆರಕ್ಕೇ ಒಂದು ಹುಡುಗೀನ ಕೂರಿಸಿದೆ. ಈಗಿನ ಮಿಷಿನ್ ನಾಲ್ಕು ದಿನದಲ್ಲಿ ಯಾರು ಬೇಕಾದ್ರೂ ಕಲೀತಾರೆ. ಕೈ ಏನೂ ಬೇಕಿಲ್ಲ."

ಕಾರು ಹೋಯಿತು. ಶ್ಯಾಮಲಮ್ಮನನ್ನು ಇನ್ನೂ ಮಣ್ಣಿಗಿಟ್ಟಿರಲಿಲ್ಲ, ಅವಳ ಜಾಗ ಆಗಲೇ ತುಂಬಿತ್ತು. ಅಶ್ವತ್ಥಮ್ಮನಿಗೆ ಈಗ ಮುಖ ಕಾಣದ ಆ ಹುಡುಗಿಯ ಮೇಲೂ ಹೊಟ್ಟೆಕಿಚ್ಚಾಯಿತು.

"ಕಾಲ್ಬೆರಳಿಗೆ ಕಟ್ಟಿದ್ದ ದಾರ ನೀರಲ್ಲಿ ಬಿಚ್ಚೋಗಿದೆ. ಬೇರೆ ದಾರ ಕೊಡಮ್ಮ," ಎಂದು ಮಂಗಮ್ಮ ಕೂಗಿದಳು.

ಪ್ರಿಯಾಂಕ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದಳು. ಅತ್ತು ಅತ್ತು ಅವಳ ಕಣ್ಣು ಊದಿತ್ತು. ಡಬ್ಬಿಯ ತುಂಬ ರೇಷ್ಮೆ ನೂಲಿನ ಪುಟ್ಟ ಪುಟ್ಟ ಲಡಿಗಳು.

"ಇದೆಲ್ಲಿಂದ ಬಂತು?" ಎಂದಳು ಅಶ್ವತ್ಥಮ್ಮ.

"ಅಮ್ಮಾನೇ ತೆಗೆದಿದ್ದು ಆಂಟಿ. ಭಾನುವಾರ ಭಾನುವಾರ ಒಲೆ ಮೇಲೆ ಪಾತ್ರೆ ಇಟ್ಕೊಂಡು ಕೂತ್ಕೊಳ್ಳೋಳು. ಈಗ್ಯಾಕಮ್ಮ ಇದೆಲ್ಲ ಅಂದ್ರೆ..."

"ಅಂದ್ರೆ?"

"ಬೇಜಾರು ಮಾಡ್ಕೋಬೇಡಿ. 'ಆ ಅಶ್ವತ್ಥಿ ಮುಂಡೇದಕ್ಕೆ ಬರೋದು ನನಗ್ಯಾಕೆ ಬರಲ್ಲ' ಅನ್ನೋಳು. 'ಮಿಷಿನ್ ಹತ್ರ ಕೋತಿ ಕೂರ್ಸಿದ್ರೂ ನಡೀತದೆ, ಅವಳ ಕೈ ನನಗೆ ಕೊಡ್ಲಿಲ್ವಲ್ಲ ದೇವ್ರು' ಅಂತ. ಸಿಟ್ಟು ಬಂದು ಪಾತ್ರೇನೇ ಎತ್ತಿ ಚೆಲ್ಲಿದಾಳೆ ಒಂದ್ಸಲ."

ಅಶ್ವತ್ಥಮ್ಮ ಒಂದು ಲಡಿ ಬಿಚ್ಚಿ ಎರಡು ಬೆರಳಲ್ಲಿ ಎಳೆದು ನೋಡಿದಳು. ಗೇಣಿಗೊಂದು ಗಂಟು. ಒಂದು ಕಡೆ ದಪ್ಪ, ಇನ್ನೊಂದು ಕಡೆ ಕೂದಲಿನಷ್ಟು ತೆಳುವು. ಎಂಟು ವರ್ಷ ಕೂತರೂ ಬಂದಿರಲಿಲ್ಲ. ಅವಳಿಗೆ ಸಂತೋಷವಾಯಿತು. ಹೆಣದ ಮುಂದೆ ಸಂತೋಷ ಪಡಬಾರದೆಂದು ಗೊತ್ತಿದ್ದೂ ಆಯಿತು. ಅದರ ಹಿಂದೆಯೇ, ಬೆಳಗ್ಗಿನಿಂದ ಬಾರದಿದ್ದ ಅಳು ಬಂತು.

"ಇದೇ ಕಟ್ಟೋಣ," ಎಂದಳು.

ಆರೆಳೆ ಜೋಡಿಸಿ, ಹೊಸೆದು, ಕಾಲಿನ ಎರಡು ಹೆಬ್ಬೆರಳಿಗೂ ಸುತ್ತಿ ಎಳೆದಳು. ನಡುವೆ ತೆಳುವಾಗಿದ್ದ ಕಡೆ ಪಟ್ಟನೆ ಕಡಿಯಿತು.

"ಇದು ನಿಲ್ಲಲ್ಲ ಬಿಡೇ. ಅಂಗ್ಡಿಯಿಂದ ಒಂದು ನೂಲುಂಡೆ ತರ್ಸಣ," ಎಂದಳು ಮಂಗಮ್ಮ.

"ಸುಮ್ನಿರಕ್ಕ ನೀನು."

ಅಶ್ವತ್ಥಮ್ಮ ಕಡಿದ ತುದಿಗಳನ್ನು ಬಾಯಲ್ಲಿ ಒದ್ದೆ ಮಾಡಿ, ಒಂದರೊಳಗೊಂದು ಸೇರಿಸಿ, ಕಣ್ಣೀರಿನಲ್ಲಿ ಏನೂ ಕಾಣದಿದ್ದರೂ ಬೆರಳಲ್ಲೇ ಹೊಸೆದಳು. ಎಳೆದು ನೋಡಿದಳು; ಈ ಸಲ ನಿಂತಿತು.

ಪ್ರಿಯಾಂಕ ಬಗ್ಗಿದಳು. ತಾಯಿಯ ಒಂದು ಹೆಬ್ಬೆರಳಿನಿಂದ ಇನ್ನೊಂದಕ್ಕೆ ದಾರದ ಮೇಲೆ ಬೆರಳಾಡಿಸುತ್ತ, ಸೇರಿಸಿದ ಜಾಗ ಸಿಕ್ಕದೆ, ಮತ್ತೆ ಮೊದಲಿನಿಂದ ಹುಡುಕತೊಡಗಿದಳು.