ತಗ್ಗಿಸಿದ ತಲೆ

ಕತ್ತಿ ದವಡೆಯ ಅಂಚಿಗೆ ಬಂದು ನಿಂತಿತ್ತು. ಇನ್ನೇನು ಕೆಳಗಿಳಿಸಬೇಕು, ಅಷ್ಟರಲ್ಲಿ ಯಜಮಾನರ ಕೈ ನಡುಗಿತು.

ಮೊದಲಿಗೆ ನಡುಗುತ್ತಿರುವುದು ತಮ್ಮ ಕೈಯೆಂದೇ ಅವರಿಗೆ ಹೊಳೆಯಲಿಲ್ಲ. ಕತ್ತಿಯ ಅಲಗಿನ ಮೇಲೆ ಕಿಟಕಿಯ ಬೆಳಕು ಬಲೆಗೆ ಬಿದ್ದ ಹುಳುವಿನಂತೆ ಪಟಪಟನೆ ಬಡಿದುಕೊಳ್ಳುತ್ತಿತ್ತು. ಗಾಳಿಯಿರಬೇಕೆಂದು ಕಿಟಕಿಯ ಕಡೆ ನೋಡಿದರು. ಕಿಟಕಿ ಮುಚ್ಚಿತ್ತು. ಕತ್ತಿಯನ್ನು ತಟ್ಟೆಯಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು. ಮೇಜಿನ ಮೇಲೆ ಬಿಳಿಯ ಬಟ್ಟೆ ಹೊದ್ದು, ಮುಖಕ್ಕೆಲ್ಲ ನೊರೆ ಹಚ್ಚಿಸಿಕೊಂಡು ಮೇಷ್ಟ್ರು ಮಲಗಿದ್ದರು. ಅವರು ತೀರಿಕೊಂಡು ಒಂದು ದಿನ ಕಳೆದಿತ್ತು.

"ಏನಾಯ್ತು ಭಾವ?" ಬಿಸಿನೀರು ತಂದ ಭಾವಮೈದ ಹೊಸಿಲಾಚೆಯಿಂದಲೇ ಕೇಳಿದ. "ಬೆಳಿಗ್ಗೆ ತಿಂಡಿ ತಿಂದ್ರೋ, ಬರೀ ಅಕ್ಕನ ಬೈಗುಳ ತಿಂದು ಬಂದ್ರೋ?"

"ಇಲ್ಲಿ ತಮಾಷೆ ಬೇಡ ಅಂತ ಎಷ್ಟು ಸಲ ಹೇಳೋದು? ನೀರು ಇಡು."

ಬೀದಿಯ ತುದಿಯಲ್ಲಿದ್ದ ಆ ಮನೆಯನ್ನು ಊರವರು ಕೊನೆಮನೆ ಎನ್ನುತ್ತಿದ್ದರು. ಸತ್ತವರಿಗೆ ಸ್ನಾನ ಮಾಡಿಸಿ, ಗಡ್ಡ ಹೆರೆದು, ಒಳ್ಳೆಯ ಬಟ್ಟೆ ತೊಡಿಸಿ ಕಳಿಸಿಕೊಡುವ ಕೆಲಸ ಅಲ್ಲಿಯದು. ಯಜಮಾನರಿಗೆ ಅದು ಅಪ್ಪನಿಂದ ಬಂದದ್ದು. ಕೆಲಸದ ಜೊತೆಗೆ ಅಪ್ಪನ ಕಟ್ಟಳೆಗಳೂ ಬಂದಿದ್ದವು. ನೀರು ಬೆಚ್ಚಗಿರಬೇಕು. ಮುಟ್ಟುವ ಮೊದಲು ಸತ್ತವರಿಗೆ ಹೇಳಿ ಮುಟ್ಟಬೇಕು, "ಈಗ ಗಲ್ಲಕ್ಕೆ ನೊರೆ ಹಚ್ತೀನಿ", "ಎಡಗೈ ಎತ್ತುತೀನಿ" ಎಂದು. ನಗು ಬಂದರೆ ಹೊರಗೆ ಹೋಗಿ ನಕ್ಕು, ಕೈ ತೊಳೆದು ಒಳಗೆ ಬರಬೇಕು. "ಅವರು ದೇವರ ಮನೆಗೆ ಹೊರಟವರು ಕಣೋ. ದಾರೀಲಿ ನಮ್ಮ ಹತ್ತಿರ ಒಂದು ಗಳಿಗೆ ಕೂತಿದಾರೆ, ಅಷ್ಟೇ" ಎನ್ನುತ್ತಿದ್ದರು ಅಪ್ಪ.

ಯಜಮಾನರು ಹಳೇ ಕಾಲದ ಮನುಷ್ಯರು. ಹಾಗೆಂದು ಯಾರಾದರೂ ಆಡಿಕೊಂಡರೆ ಹಿಗ್ಗುವವರು. ದೊಡ್ಡವರು ಮಾತು ಮುಗಿಸುವವರೆಗೆ ಚಿಕ್ಕವರು ಬಾಯಿ ಹಾಕಬಾರದು, ಪೀಠದಲ್ಲಿ ಕೂತವರು ಪೀಠದ ಮಾತನ್ನೇ ಆಡಬೇಕು ಎಂದು ನಂಬಿದವರು. ದೇಶದ ಅಧ್ಯಕ್ಷರ ಚಿತ್ರವಿದ್ದ ಪತ್ರಿಕೆಯ ಹಾಳೆಯಲ್ಲಿ ಅವರು ಸೋಪು ಕೂಡ ಸುತ್ತಿದವರಲ್ಲ. ಆ ಹಾಳೆಯನ್ನು ಬಿಡಿಸಿ ಕಪಾಟಿನಲ್ಲಿಡುವರು. ಆದರೆ ಈಗಿನ ಅಧ್ಯಕ್ಷರು ಬಂದಮೇಲೆ ಕಪಾಟು ತುಂಬಿಹೋಗಿತ್ತು. ಯಾವ ಪುಟ ತಿರುವಿದರೂ ಅವರೇ, ಬಾಯಿ ತೆರೆದುಕೊಂಡೋ, ಬೆರಳು ತೋರಿಸುತ್ತಲೋ, ಯಾರನ್ನೋ ಅಣಕಿಸುತ್ತಲೋ. "ಸೋಪು ಸುತ್ತೋಕೆ ಒಂದು ಹಾಳೆ ಉಳಿಸಲಿಲ್ಲವಲ್ಲ ಮಹಾರಾಯ" ಎಂದು ಹೆಂಡತಿ ನಗುತ್ತಿದ್ದಳು.

ಓಟು ಹಾಕಿದ್ದು ಯಜಮಾನರೇ. ಅಪ್ಪ ಹಾಕಿದ ಪಕ್ಷಕ್ಕೇ ಇವರೂ ಕೈ ನಡುಗದೆ ಹಾಕಿಕೊಂಡು ಬಂದಿದ್ದರು.

ಮೇಷ್ಟ್ರದು ಎದುರು ಪಕ್ಷ. ಲೆಕ್ಕ ಕಲಿಸುತ್ತಿದ್ದವರು ಆಮೇಲೆ ಚುನಾವಣೆಗೆ ನಿಂತು ಗೆದ್ದು ಶಾಸಕರೂ ಆದರು. ಹೆಸರು ಮಾತ್ರ ಮೇಷ್ಟ್ರೆಂದೇ ಉಳಿಯಿತು. ಊರ ಸಭೆಗಳಲ್ಲಿ ಅವರಿಗೂ ಯಜಮಾನರಿಗೂ ನಡೆದ ಜಗಳಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಆದರೂ ಪ್ರತಿ ಜಗಳವೂ ನಮಸ್ಕಾರದಿಂದ ಶುರುವಾಗಿ ನಮಸ್ಕಾರದಲ್ಲೇ ಮುಗಿಯುತ್ತಿತ್ತು. ಆಮೇಲೆ ಮೇಷ್ಟ್ರಿಗೆ ನಡುಕದ ಕಾಯಿಲೆ ಬಂತು. ಮೊದಲು ಬಲಗೈಗೆ, ಬರಬರುತ್ತ ನಾಲಿಗೆಗೆ. ಅಷ್ಟಾದರೂ ಸಭೆಗೆ ಬಂದು 'ಲೆಕ್ಕ ಕೊಡಿ' ಎಂದು ಕೇಳುವುದನ್ನು ಬಿಡಲಿಲ್ಲ. ಒಂದೊಂದು ಮಾತನ್ನೂ ಬಾವಿಯಿಂದ ಸೇದಿದ ಹಾಗೆ ಸೇದಿ ಸೇದಿ ಆಡುತ್ತಿದ್ದರು.

ಹೋದ ವಾರ ಅಧ್ಯಕ್ಷರು ಈ ಊರಿನ ಮೈದಾನಕ್ಕೆ ಬಂದಿದ್ದರು. ಯಜಮಾನರು ಕಪ್ಪು ಕೋಟಿನ ಗುಂಡಿಯನ್ನೆಲ್ಲ ಹಾಕಿಕೊಂಡು, ಭಾವಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಪಕ್ಷದ ಹಿರಿಯರಿಗೆಂದು ಇಟ್ಟಿದ್ದ ಮೂರನೇ ಸಾಲಿನಲ್ಲಿ ಕೂತಿದ್ದರು. ದೇಶದ ಮಾತು ಬರುತ್ತದೆಂದು ಕಾದರು. ಅಧ್ಯಕ್ಷರು ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡು, "ಈ ಊರಲ್ಲಿ ಒಬ್ಬ ಮೇಷ್ಟ್ರಿದಾನಂತಲ್ಲ" ಎಂದರು. ಲೋಟ ನಡುಗತೊಡಗಿತು. ನೀರು ಚೆಲ್ಲಿ ತೋಳಿನ ಮೇಲೆ ಹರಿಯಿತು. ಬಾಯಿ ಒಂದು ಕಡೆ ಸೊಟ್ಟಗಾಯಿತು. "ಲೆ... ಲೆ... ಲೆಕ್ಕ ಕೊಡಿ!"

ಮೈದಾನ ಹೋ ಎಂದಿತು.

ಅದು ಮೇಷ್ಟ್ರ ಕೈಯೇ. ಹೆಬ್ಬೆರಳು ಒಳಗೆ ಮಡಚಿದ್ದೂ, ಮಣಿಕಟ್ಟು ಬಾಗಿದ್ದೂ ಥೇಟ್ ಅವರದೇ. ಅಸಹ್ಯಪಡಬೇಕೆಂದು ಯಜಮಾನರ ಮನಸ್ಸು ಹೊರಡುವಷ್ಟರಲ್ಲಿ, ಹೊಟ್ಟೆಯೊಳಗಿಂದ ಬಿಕ್ಕಳಿಕೆ ಬಂದ ಹಾಗೆ ನಗು ಬಂದುಬಿಟ್ಟಿತು. ತಡೆಯಲಾಗಲಿಲ್ಲ. ಕರವಸ್ತ್ರವನ್ನು ಬಾಯಿಗೊತ್ತಿ ತಲೆ ತಗ್ಗಿಸಿದರು. ಹೆಗಲು ಕುಲುಕಿತು. ನಗು ಇಳಿದಮೇಲೆಯೇ ನಾಚಿಕೆ ಬಂದದ್ದು. ಬೆಂಕಿ ಆರಿದಮೇಲೆ ನೀರು ಬಂದ ಹಾಗೆ.

ಮನೆಗೆ ಬಂದವರು ಕೋಟು ಬಿಚ್ಚುವ ಮೊದಲೇ ಕೂಗಾಡಿದ್ದರು. "ಅದು ಯಾರು ಕೂರುವ ಪೀಠ! ಅಲ್ಲಿ ಕೂತು ಕಾಯಿಲೆ ಮನುಷ್ಯನನ್ನ ಅಣಕಿಸೋದಾ? ಬೀದಿ ಆಟದವರಿಗೂ ಒಂದು ಮರ್ಯಾದೆ ಇರುತ್ತೆ!"

"ಮತ್ತೆ ಓಟು ಯಾಕೆ ಹಾಕಿದ್ರಿ?" ಎಂದಳು ಹೆಂಡತಿ.

"ನಾನು ಹಾಕಿದ್ದು ಪಕ್ಷಕ್ಕೆ."

"ಓಹೋ. ಹಾಗಾದ್ರೆ ಲೋಟ ಅಲ್ಲಾಡಿಸಿದ್ದು ಪಕ್ಷವೋ?"

ಭಾವಮೈದ ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಏನೋ ಹೇಳಲು ಬಾಯಿ ತೆರೆದವನು, ಭಾವನ ಮುಖ ನೋಡಿ ಚಪ್ಪಲಿ ಹುಡುಕುತ್ತ ಹೊರಟುಹೋಗಿದ್ದ.

ಈಗ ಮೇಷ್ಟ್ರ ಆ ಕೈ ಇಲ್ಲೇ ಇತ್ತು, ಬಿಳಿಯ ಬಟ್ಟೆಯ ಮೇಲೆ, ನಿಂತ ನೀರಿನಷ್ಟು ನಿಶ್ಚಲವಾಗಿ. ಯಜಮಾನರು ಹೊರಗೆ ಹೋಗಿ ಒಂದು ಲೋಟದ ತುಂಬ ನೀರು ತುಂಬಿಸಿ ಎತ್ತಿ ಹಿಡಿದು ನೋಡಿದರು. ಒಂದು ಹನಿಯೂ ಅಲುಗಲಿಲ್ಲ. ಸಮಾಧಾನದಿಂದ ಒಳಗೆ ಬಂದು ಕತ್ತಿ ಎತ್ತಿಕೊಂಡರು. ಆ ಮುಖದ ಹತ್ತಿರ ಹೋಗುತ್ತಲೇ ನಡುಕ ಮತ್ತೆ ಬಂತು. ಹೆಬ್ಬೆರಳು ತಾನಾಗಿಯೇ ಒಳಕ್ಕೆ ಮಡಚಿಕೊಂಡಿತು.

"ಮೇಷ್ಟ್ರೇ..." ಎಂದರು. ಮುಂದೆ ಏನು ಮಾಡುತ್ತೇನೆಂದು ಹೇಳಬೇಕು. ಕತ್ತಿಯನ್ನು ಮತ್ತೆ ತಟ್ಟೆಯಲ್ಲಿಟ್ಟರು.

ಬಾಗಿಲ ಬಳಿ ಸದ್ದಾಯಿತು. ಮೇಷ್ಟ್ರ ಹೆಂಡತಿ ಮಡಚಿದ ಕೋಟೊಂದನ್ನು ಎದೆಗಾನಿಸಿಕೊಂಡು ನಿಂತಿದ್ದರು.

"ಒಳಗೆ ಬರಬಹುದಾ?"

"ಬನ್ನಿ ಅಮ್ಮ. ಇನ್ನೂ... ಇನ್ನೂ ಮುಗಿದಿಲ್ಲ."

"ಇರಲಿ. ನೊರೆ ಮುಖದಲ್ಲಿ ಅವರನ್ನ ನೋಡಿ ನನಗೆ ಅಭ್ಯಾಸ." ಆಕೆ ಕೋಟನ್ನು ಕುರ್ಚಿಯ ಮೇಲಿಟ್ಟು ಗಂಡನ ತಲೆಯ ಬಳಿ ನಿಂತರು. "ಪಕ್ಕದ ಊರಿನವರು ನಾವೇ ಮಾಡಿಕೊಡ್ತೀವಿ ಅಂದ್ರು. ನಮ್ಮ ಕಡೆಯವರಿಗೆ ನಿಮ್ಮ ಮೇಲೆ ಸಿಟ್ಟಿದೆ. ಆದ್ರೆ ಇವರು ಮೊದಲೇ ಹೇಳಿಬಿಟ್ಟಿದ್ರು. ಕೊನೆಮನೆಯವನ ಹತ್ತಿರವೇ ಕಳಿಸು, ಅವನ ಓಟು ತಪ್ಪು, ಕೈ ಸರಿ ಅಂತ."

ಯಜಮಾನರು ಕೈಯನ್ನು ಟವೆಲಿನೊಳಗೆ ಸೇರಿಸಿಕೊಂಡರು.

"ಅವತ್ತು ಮೈದಾನದ್ದನ್ನ ಇವರು ಟೀವೀಲಿ ನೋಡ್ತಿದ್ರು. ಆರಿಸ್ತೀನಿ ಅಂದ್ರೆ ಬಿಡಲಿಲ್ಲ," ಎಂದರು ಆಕೆ. "ಎಲ್ಲರೂ ನಗ್ತಿದ್ರು. ಇವರು ಪಾಠ ಹೇಳಿದ ಮಕ್ಕಳು, ನಮ್ಮ ಬೀದಿಯವರು, ಒಬ್ಬೊಬ್ಬರ ಮುಖವನ್ನೂ ನೋಡಿದ್ರು. ಅಷ್ಟರಲ್ಲಿ ನೀವು ಕಾಣಿಸಿದ್ರಿ."

ಬಕೆಟ್ಟಿನ ಬಳಿ ಬಗ್ಗಿದ್ದ ಭಾವಮೈದ ಬಗ್ಗಿದ ಹಾಗೆಯೇ ನಿಂತ.

"ನೀವೊಬ್ಬರೇ ತಲೆ ತಗ್ಗಿಸಿಕೊಂಡು, ಬಾಯಿಗೆ ಬಟ್ಟೆ ಒತ್ತಿಕೊಂಡು ಕೂತಿದ್ರಿ. ಹೆಗಲು ನಡುಗ್ತಿತ್ತು. 'ನೋಡೇ' ಅಂದ್ರು ಇವರು. ಆ ನಾಲಿಗೇಲಿ ಅಷ್ಟು ಹೇಳೋಕೆ ಎಷ್ಟು ಹೊತ್ತು ಬೇಕು ನಿಮಗೆ ಗೊತ್ತಲ್ಲ. 'ನೋಡೇ, ಕೊನೆಮನೆಯವನು ಅಳ್ತಿದಾನೆ. ಒಬ್ಬ ಇದಾನೆ ಬಿಡು' ಅಂದ್ರು. ಆಮೇಲೆ ತಾವಾಗಿಯೇ ಟೀವಿ ಆರಿಸಿ ಮಲಗಿದ್ರು. ಚೆನ್ನಾಗಿ ನಿದ್ದೆ ಬಂತು ಅವತ್ತು."

ಭಾವಮೈದ ಒಮ್ಮೆ ಯಜಮಾನರ ಕಡೆ ನೋಡಿದ. ಕೆಮ್ಮಿದ. ಖಾಲಿ ಬಕೆಟ್ ಎತ್ತಿಕೊಂಡು, ಮತ್ತೆ ಯಾರನ್ನೂ ನೋಡದೆ ಹೊರಗೆ ನಡೆದ.

"ಅಮ್ಮ," ಎಂದರು ಯಜಮಾನರು.

ಆಕೆ ತಲೆ ಎತ್ತಿದರು. ಕಣ್ಣಿನ ಸುತ್ತ ಕಪ್ಪು ಕಟ್ಟಿದ್ದರೂ ಮುಖದಲ್ಲೊಂದು ನೆಮ್ಮದಿ ಇತ್ತು. ಮನೆಯೆಲ್ಲ ಸುಟ್ಟುಹೋದಮೇಲೆ ಉಳಿದ ಒಂದೇ ದೀಪವನ್ನು ಅಂಗೈ ಮರೆಮಾಡಿ ಹಿಡಿದವರ ನೆಮ್ಮದಿ. ಅದನ್ನು ಆರಿಸಲು ಒಂದು ಮಾತು ಸಾಕಿತ್ತು. ಆ ಮಾತು ಯಜಮಾನರ ನಾಲಿಗೆಯ ತುದಿಗೆ ಬಂದು ಕೂತಿತ್ತು.

"ಏನು, ಹೇಳಿ."

ಯಜಮಾನರು ಮೇಷ್ಟ್ರ ಮುಖ ನೋಡಿದರು. ನೊರೆ ಒಣಗುತ್ತ ಬಂದಿತ್ತು.

"ನೀರು ತಣ್ಣಗಾಗುತ್ತೆ" ಎಂದರು.

"ಹಾಗಾದ್ರೆ ಮಾಡಿ. ನಾನು ಇಲ್ಲೇ ಇರ್ತೀನಿ. ನೀವು ಸತ್ತವರಿಗೆ ಹೇಳಿ ಹೇಳಿ ಮಾಡ್ತೀರಂತಲ್ಲ. ಇವರಿಗೆ ಅದು ಬಹಳ ಇಷ್ಟ ಆಗಿತ್ತು."

ಯಜಮಾನರು ಹೊಸದಾಗಿ ನೊರೆ ಹಚ್ಚಿದರು. ಕತ್ತಿ ಹಿಡಿದರು. ಅಲಗಿನ ಮೇಲೆ ಬೆಳಕು ಮತ್ತೆ ಬಡಿದುಕೊಂಡಿತು. ಅದನ್ನು ಆಕೆ ನೋಡಿದರು. ಮೇಜನ್ನು ಸುತ್ತಿ ಬಂದು, ತಮ್ಮ ಎರಡು ಬೆರಳನ್ನು ಯಜಮಾನರ ಮಣಿಕಟ್ಟಿನ ಕೆಳಗೆ ಮೆಲ್ಲಗೆ ಆನಿಸಿದರು. ಎತ್ತಲೂ ಇಲ್ಲ, ಒತ್ತಲೂ ಇಲ್ಲ. ಗಂಡನ ಕೈಯಲ್ಲಿ ಚಮಚ ನಿಲ್ಲದ ದಿನಗಳಲ್ಲಿ ಕಲಿತ ಹಿಡಿತ ಅದು.

"ದುಃಖ ಆದಾಗ ಹಾಗೇ ಆಗುತ್ತೆ," ಎಂದರು. "ಈಗ ಎಳೀರಿ."

"ಮೇಷ್ಟ್ರೇ," ಎಂದರು ಯಜಮಾನರು. ದನಿ ಯಾರದೋ ಅನಿಸಿತು. "ಬಲಗಡೆ ದವಡೆಗೆ ಬರ್ತಿದೀನಿ. ಕತ್ತಿ ತಣ್ಣಗಿದೆ."

ಕತ್ತಿ ಇಳಿಯಿತು. ನೊರೆಯಡಿಯಿಂದ ಚರ್ಮ ಬೆಳ್ಳಗೆ ಬಿಚ್ಚಿಕೊಂಡು ಬಂತು. ಗಲ್ಲ, ಗದ್ದ, ಮೂಗಿನ ಕೆಳಗೆ, ಒಂದೊಂದನ್ನೂ ಹೇಳಿ ಹೇಳಿ ಮುಗಿಸಿದರು. ಹೇಳದೆ ಉಳಿದ ಆ ಒಂದು ಮಾತು ಪ್ರತಿ ಮಾತಿನ ಬೆನ್ನಿಗೂ ಬಂದು ನಿಲ್ಲುತ್ತಿತ್ತು, ಸಾಲಿನ ಕೊನೆಯಲ್ಲಿ ನಿಂತವನು ಸರದಿ ಬಂತೇ ಎಂದು ಇಣುಕಿದ ಹಾಗೆ. ಒಂದು ಕಡೆಯೂ ಗೀರಾಗಲಿಲ್ಲ. ಇಬ್ಬರೂ ಸೇರಿ ಕೋಟು ತೊಡಿಸಿದರು. ಆಕೆ ಗಂಡನ ಕೂದಲು ಬಾಚಿ, ಹಿಂದೆ ಸರಿದು ನಿಂತು ಬಹಳ ಹೊತ್ತು ನೋಡಿದರು.

"ಅವರು ಹೇಳಿದ್ದು ಸರಿ" ಎಂದು ಕೈ ಮುಗಿದು ಹೊರಟರು.

ಯಜಮಾನರು ನೊರೆ ಬೆರೆತ ನೀರಿನ ಬೋಗುಣಿಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಗಿನ ಕೋಣೆಗೆ ಬಂದರು. ಭಾವಮೈದ ಟೀವಿಯ ದನಿ ಅಡಗಿಸಿ ಕೂತಿದ್ದ. ಪರದೆಯಲ್ಲಿ ಇನ್ನಾವುದೋ ಊರು, ಅಂಥದೇ ಮೈದಾನ. ಅಧ್ಯಕ್ಷರು ಲೋಟ ಎತ್ತಿದ್ದರು. ಸದ್ದಿಲ್ಲದೆ ಜನರ ಬಾಯಿಗಳೆಲ್ಲ ತೆರೆದುಕೊಂಡಿದ್ದವು.

ಭಾವಮೈದನ ಕಣ್ಣು ಬೋಗುಣಿಯ ಮೇಲೆ ಬಿತ್ತು. ಗಡಬಡಿಸಿ ಎದ್ದ.

"ಕೊಡಿ ಭಾವ, ನಾನು ಚೆಲ್ತೀನಿ."

ಯಜಮಾನರು ಕೊಡಲಿಲ್ಲ. ಬೋಗುಣಿಯ ನೀರು ಸಣ್ಣ ಸಣ್ಣ ಬಳೆಗಳಾಗಿ ಅಂಚಿಗೆ ಹೋಗಿ ಬಡಿದು, ನಡುವಿಗೆ ಬಂದು, ಮತ್ತೆ ಅಂಚಿಗೆ ಹೋಗುತ್ತಿತ್ತು.