ಗಾಳಿಯ ತಲೆಗೆ ಕಟ್ಟಿದ ಸಾವು

ಗ್ರಾನ್ಯಾಳ ಗಂಡ ಮ್ಯಾನಸ್‌ನನ್ನು ಕೊಂದದ್ದು ಗಾಳಿ ಎಂದು ಐರ್ಲೆಂಡಿನ ಗ್ಲೆನ್‌ವಾರ ಊರಿನವರೆಲ್ಲ ಒಪ್ಪಿಕೊಂಡುಬಿಟ್ಟಿದ್ದರು. ಪಾದ್ರಿ ಹಾಗೆಂದರು, ರೇಡಿಯೋದಲ್ಲಿ ಹಾಗೇ ಬಂತು, ಪೊಲೀಸ್ ಠಾಣೆಯ ಲೋರ್ಕನ್ ಹಾಗೇ ಬರೆದುಕೊಂಡು ಹೋದ. ಗಾಳಿಗೆ ವಕೀಲನಿಲ್ಲ, ಮಾನನಷ್ಟದ ಭಯವಿಲ್ಲ. ಯಾವ ಆಪಾದನೆ ಹೊರಿಸಿದರೂ ಸುಮ್ಮನೆ ಹೊತ್ತುಕೊಂಡು ಸಮುದ್ರದ ಕಡೆ ಹೋಗುತ್ತದೆ.

ಗ್ರಾನ್ಯಾ ಒಪ್ಪಿರಲಿಲ್ಲ. ಬಿರುಗಾಳಿ ಎದ್ದ ಬೆಳಿಗ್ಗೆ ಅವಳು ಅಂಗಳದಲ್ಲಿದ್ದಳು. ಅಡುಗೆಮನೆಯ ಬದಿಯ ಎತ್ತರದ ಗೋಡೆ ಮೊದಲು ಹೊಟ್ಟೆ ಉಬ್ಬಿಸಿಕೊಂಡಿತು, ಆಮೇಲೆ ಮೊಳಕಾಲು ಮಡಿಸಿ ಕೂತುಬಿಟ್ಟಿತು. ಅದರ ಮೇಲಿದ್ದ ಚಾವಣಿಯ ತೊಲೆ ಮ್ಯಾನಸ್‌ನ ಎದೆಯ ಮೇಲೆ ಬಂತು. ಅವಳು ಬರಿಗೈಯಲ್ಲಿ ತೋಡಿದಳು. ಹಿಡಿದ ಸಿಮೆಂಟ್ ಬ್ಲಾಕುಗಳೆಲ್ಲ ಚಹಾದಲ್ಲಿ ಅದ್ದಿದ ರಸ್ಕಿನ ಹಾಗೆ ಬೆರಳ ಸಂದಿಯಲ್ಲಿ ಪುಡಿಯಾಗಿ ಸೋರಿದವು. ಅವಳ ಉಗುರು ಕಿತ್ತುಬಂದದ್ದು ತೊಲೆ ಎತ್ತಲು ಹೋಗಿ, ಬ್ಲಾಕಿನಿಂದಲ್ಲ. ಮ್ಯಾನಸ್‌ನ ಬಾಯಿ ತುಂಬ ಆ ಬೂದು ಪುಡಿ ತುಂಬಿತ್ತು. ಬೆರಳು ಹಾಕಿ ತೆಗೆದಷ್ಟೂ ಬಂತು, ಕಡೆಗೆ ಬರೀ ರಕ್ತ ಬಂತು. ಬೇಲಿಯಾಚೆ ಅತ್ತೆ ರೋಶಾಳ ಹಳೆಯ ಕಲ್ಲಿನ ಮನೆ ಅದೇ ಗಾಳಿಯಲ್ಲಿ ಒಂದು ಹಂಚೂ ಅಲುಗದೆ ನಿಂತಿತ್ತು.

ಬ್ಲಾಕುಗಳು ಕಾನ್ ಡೆವೆನಿಯ ಕಲ್ಲುಗಣಿಯವು. ಐರ್ಲೆಂಡಿನವರೆಲ್ಲ ಹುಚ್ಚು ಹಿಡಿದವರಂತೆ ಮನೆ ಕಟ್ಟುತ್ತಿದ್ದ, ಬ್ಯಾಂಕಿನವರು ದಾರಿಯಲ್ಲಿ ಹೋಗುವವರನ್ನು ಕರೆದು ಸಾಲ ಕೊಡುತ್ತಿದ್ದ ಕಾಲದಲ್ಲಿ ಕೊಂಡದ್ದು. ಬ್ಲಾಕು ಗಟ್ಟಿಯೇ ಎಂದು ಪರೀಕ್ಷೆ ಮಾಡಬೇಕಾದವನು ಕಾನ್. ಮಾಡಿದ್ದೇನೆ ಎಂದು ಹೇಳಬೇಕಾದವನೂ ಕಾನ್. ಕಟ್ಟಡ ಸರಿಯಿದೆ ಎಂದು ಸಹಿ ಹಾಕಿದ ಎಂಜಿನಿಯರು ಮಳೆಯೆಂದು ಕಾರಿನಿಂದ ಇಳಿಯಲೇ ಇಲ್ಲ. ಕಿಟಕಿಯೊಳಗೆ ಚಹಾದ ಲೋಟ ಕೊಟ್ಟವಳು ಗ್ರಾನ್ಯಾಳೇ. ಜಿಲ್ಲೆಯ ಕೌಂಟಿ ಕಚೇರಿಯವರಂತೂ ತಲೆ ಹಾಕಲಿಲ್ಲ. ಇದರಲ್ಲಿ ಕದ್ದುಮುಚ್ಚಿ ನಡೆದದ್ದು ಏನೂ ಇಲ್ಲ. ಕಟ್ಟಿದವನೇ ಸರಿಯೆಂದರೆ ಸರಿ, ಕಾಯಿದೆಯೇ ಹಾಗಿತ್ತು. ಪರೀಕ್ಷೆ ಬರೆದ ಹುಡುಗನೇ ತನ್ನ ಉತ್ತರಕ್ಕೆ ಅಂಕ ಹಾಕಿಕೊಂಡ ಹಾಗೆ.

ಬಿರುಕು ಕಾಣಿಸಿದಾಗ ಗಣಿಯವರು ನೀರಿನ ದೋಷ ಎಂದರು. ಎಂಜಿನಿಯರ ಕಂಪನಿ ಮುಚ್ಚಿ ಅವನ ಹೆಂಡತಿಯ ಹೆಸರಿನಲ್ಲಿ ಪಕ್ಕದ ಬೀದಿಯಲ್ಲೇ ತೆರೆಯಿತು. ಕಚೇರಿಯವರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡಿ ಕಳಿಸಿದರು. ಬ್ಯಾಂಕು ಮಾತ್ರ ಕಂತನ್ನು ಮರೆಯಲಿಲ್ಲ. ಈಗ ಗ್ರಾನ್ಯಾಳಿಗೆ ಪರಿಹಾರ ಬೇಕಾಗಿರಲಿಲ್ಲ, ಹೊಸ ಮನೆಯೂ ಬೇಕಾಗಿರಲಿಲ್ಲ. ತನ್ನ ಗಂಡನನ್ನು ಕೊಂದವರು ಯಾರು ಎಂದು ಒಂದು ಕಡೆ, ಒಬ್ಬರೇ ಒಬ್ಬರು, ಗಟ್ಟಿಯಾಗಿ ಹೇಳಬೇಕು. ಅದಿಲ್ಲದೆ ಅವನನ್ನು ಮಣ್ಣಿಗಿಡುವುದು ಹೇಗೆ ಎಂದು ಅವಳಿಗೆ ತಿಳಿಯದಾಗಿತ್ತು.

ಮ್ಯಾನಸ್‌ನನ್ನು ರೋಶಾಳ ಮನೆಯ ಮುಂದಿನ ಕೋಣೆಯಲ್ಲಿ ತೆರೆದ ಪೆಟ್ಟಿಗೆಯಲ್ಲಿ ಮಲಗಿಸಿದ್ದರು. ಮಧ್ಯಾಹ್ನದಿಂದ ಜನ ಸಾಲಾಗಿ ಬರುತ್ತಿದ್ದರು. ಹೆಣದ ಮನೆಯ ಬಾಗಿಲು ಯಾರಿಗೂ ಮುಚ್ಚುವುದಿಲ್ಲ. ಬಂದವರು ಸತ್ತವನ ಕೈ ಮುಟ್ಟಬೇಕು, ಮನೆಯವರ ಕೈ ಕುಲುಕಬೇಕು, ನಿಮ್ಮ ದುಃಖಕ್ಕೆ ನನಗೂ ದುಃಖ ಎನ್ನಬೇಕು, ಆಮೇಲೆ ಅಡುಗೆಮನೆಗೆ ಹೋಗಿ ಚಹಾ ಕುಡಿಯಬೇಕು. ಅಲ್ಲಿ ಚಾಚಿದ ಕೈಯನ್ನು, ಅದು ಹಗೆಯ ಕೈಯೇ ಆಗಿರಲಿ, ಬೇಡ ಎನ್ನುವಂತಿಲ್ಲ. ಒಂದು ತುಂಡು ಹೊಲಕ್ಕಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರೂ ಹೆಣದ ಮನೆಯಲ್ಲಿ ಕೈ ಕುಲುಕಿದ್ದಾರೆ. ಇದನ್ನೇ ನಂಬಿಕೊಂಡು ಕಾನ್ ಡೆವೆನಿ ಬಂದ.

ಜನ ದಾರಿ ಬಿಟ್ಟರು. ಊರ ಫುಟ್‌ಬಾಲ್ ಹುಡುಗರ ಅಂಗಿಯ ಮೇಲೆ ಅವನ ಹೆಸರು, ಇಗರ್ಜಿಯ ಗಂಟೆ ಅವನ ದಾನ, ಅಲ್ಲಿ ನಿಂತವರಲ್ಲಿ ಅರ್ಧ ಜನ ಅವನ ಅನ್ನ ತಿಂದವರು. ಅವನು ಪೆಟ್ಟಿಗೆಯ ಮುಂದೆ ತಲೆ ಬಾಗಿಸಿ ಶಿಲುಬೆಯ ಗುರುತು ಮಾಡಿದ. ರೋಶಾಳ ಕೈ ಹಿಡಿದ.

"ಎಂಥಾ ಮಗ, ರೋಶಾ. ನಿನ್ನ ದುಃಖಕ್ಕೆ ನಂಗೂ ದುಃಖ."

"ಬಂದಿದ್ದು ಒಳ್ಳೇದಾಯ್ತು, ಕಾನ್," ಎಂದಳು ಮುದುಕಿ. ಮಧ್ಯಾಹ್ನದಿಂದ ಎಲ್ಲರಿಗೂ ಅದನ್ನೇ ಹೇಳುತ್ತಿದ್ದಳು.

ಒಲೆಯ ಪಕ್ಕ ಕೂತಿದ್ದ ಗ್ರಾನ್ಯಾಳ ಮುಂದೆ ಬಂದು ಕೈ ಚಾಚಿದ. ಅವಳು ಬಟ್ಟೆ ಸುತ್ತಿದ ಕೈ ಕೊಟ್ಟಳು. ಅವನು ಒತ್ತಿ ಹಿಡಿದಾಗ ಉಗುರಿಲ್ಲದ ಬೆರಳುಗಳಲ್ಲಿ ನೋವು ತಲೆಗೇರಿತು.

"ಹಾಳು ಗಾಳಿ, ಗ್ರಾನ್ಯಾ. ಅದಕ್ಕೆ ಯಾರು ಏನ್ ಮಾಡಕ್ಕಾಗುತ್ತೆ?"

"ಅತ್ತೆ ಮನೆಗೂ ಅದೇ ಗಾಳಿ ಬೀಸ್ತು, ಕಾನ್."

"ಹಳೇ ಕಾಲದ ಕೆಲ್ಸ ಇದು. ಈಗ ಅಂಥಾ ಕೆಲಸಗಾರರು ಎಲ್ಲಿ ಸಿಗ್ತಾರೆ ಹೇಳು."

ಮ್ಯಾನಸ್‌ನ ತಮ್ಮ ಹ್ಯೂಯಿ ಬಾಗಿಲಲ್ಲಿ ನಿಂತಿದ್ದ. ಮೀನು ದೋಣಿಯಲ್ಲಿ ದುಡಿಯುವ ಆಳೆತ್ತರದ ಮನುಷ್ಯ, ಎರಡು ದಿನದಿಂದ ಬಾಯಿ ಬಿಟ್ಟಿರಲಿಲ್ಲ.

"ಏನಂದೆ? ಇನ್ನೊಂದ್ಸಲ ಹೇಳು."

"ಹ್ಯೂಯಿ, ಹೆಣದ ಮುಂದೆ ಬೇಡಪ್ಪಾ," ಎಂದ ಕಾನ್.

"ಹೆಣ ಮಾಡಿದ್ಯಾರು?"

ಯಾರೋ ಹ್ಯೂಯಿಯ ಭುಜ ಹಿಡಿದರು. ಅವನು ಕೊಡವಿಕೊಂಡು ಹೊರಗೆ ಹೋದ. ಸಿಟ್ಟು ಇಳಿಸಿಕೊಳ್ಳಲು ಹೋದ ಎಂದುಕೊಂಡು ಎಲ್ಲರೂ ಉಸಿರು ಬಿಟ್ಟರು, ಹಂದಿಮಾಂಸದ ಸ್ಯಾಂಡ್‌ವಿಚ್ಚಿನ ತಟ್ಟೆ ಮತ್ತೆ ಕೈಯಿಂದ ಕೈಗೆ ಹೋಯಿತು. ಕಾನ್ ಒಂದನ್ನು ಕಚ್ಚಿದ್ದ, ಅಷ್ಟರಲ್ಲಿ ಬಿದ್ದ ಗೋಡೆಯ ಒಂದು ಇಡೀ ಬ್ಲಾಕನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು ಹ್ಯೂಯಿ ಒಳಗೆ ಬಂದ.

"ನಿಂದೇ ಇದು. ವಾಪಸ್ ತಗೋ!"

ಎರಡೂ ಕೈಯಿಂದ ಕಾನ್‌ನ ನೆತ್ತಿಗೆ ಅಪ್ಪಳಿಸಿದ. ಹೆಂಗಸರು ಚೀರಿದರು. ಬ್ಲಾಕು ಠಪ್ಪೆಂದು ಒಡೆದು ಪುಡಿಪುಡಿಯಾಗಿ ಅವನ ಭುಜ, ಕೋಟು, ಬೂಟಿನ ಮೇಲೆ ಸುರಿಯಿತು. ಕಾನ್ ಹಿಟ್ಟಿನ ಗಿರಣಿಯಿಂದ ಬಂದವನ ಹಾಗೆ ಬೆಳ್ಳಗೆ ನಿಂತಿದ್ದ. ಆ ಬಿಳುಪಿನಲ್ಲಿ ರಕ್ತದ ಒಂದು ಗೆರೆ ಹಣೆಯಿಂದ ಇಳಿಯಿತು. ಬಾಯಲ್ಲಿ ಸ್ಯಾಂಡ್‌ವಿಚ್ಚು ಹಾಗೇ ಇತ್ತು. ಅದೊಂದು ಒಳ್ಳೆಯ ಬ್ಲಾಕಾಗಿದ್ದರೆ ಅವನನ್ನೂ ಮ್ಯಾನಸ್‌ನ ಪಕ್ಕದಲ್ಲೇ ಮಲಗಿಸಬೇಕಾಗುತ್ತಿತ್ತು. ಅವನ ಕಳಪೆ ಮಾಲೇ ಅವನ ಜೀವ ಉಳಿಸಿತು. ಆ ಬ್ಲಾಕಿಗೆ ಹುಟ್ಟಿದಾರಭ್ಯ ನಡೆದ ಮೊದಲ ಪರೀಕ್ಷೆ ಅದು, ಅದೂ ಊರೆಲ್ಲ ನೋಡುವಂತೆ.

ಹಿಂದೆ ಯಾರೋ ಫಕ್ಕನೆ ನಕ್ಕರು. ಹ್ಯೂಯಿಗೆ ಆ ನಗು ಸಹಿಸಲಾಗಲಿಲ್ಲ. ಬರಿಮುಷ್ಟಿಯಿಂದ ಕಾನ್‌ನ ಮುಖಕ್ಕೆ ಗುದ್ದಿದ. ಮೂಗಿನ ಎಲುಬು ಮುರಿದ ಸದ್ದು ಅಡುಗೆಮನೆಗೂ ಕೇಳಿಸಿತು. ಎರಡನೆಯ ಗುದ್ದಿಗೆ ಹಲ್ಲೊಂದು ಹಾರಿ ತಟ್ಟೆಯಲ್ಲಿ ಬಿತ್ತು. ಕೆಳಗೆ ಬಿದ್ದವನ ಪಕ್ಕೆಗೆ ಬೂಟುಗಾಲಿನಿಂದ ಒದೆಯುತ್ತಿದ್ದಾಗ ನಾಲ್ಕಾರು ಗಂಡಸರು ಸೇರಿ ಹ್ಯೂಯಿಯನ್ನು ಹಿಂದಕ್ಕೆಳೆದರು. ಪೆಟ್ಟಿಗೆ ಅಲುಗಿ ಮ್ಯಾನಸ್‌ನ ಕೈಯಿಂದ ಜಪಸರ ಜಾರಿತು. ಗ್ರಾನ್ಯಾ ಕದಲಲಿಲ್ಲ. ಇನ್ನೊಂದು ಒದಿ ಎಂದು ಅವಳ ಮನಸ್ಸು ಹೇಳುತ್ತಿತ್ತು, ಅದಕ್ಕೆ ನಾಚಿಕೆಯೂ ಆಗಲಿಲ್ಲ.

ಲೋರ್ಕನ್ ಅಡುಗೆಮನೆಯಿಂದ ಚಹಾದ ಲೋಟ ಹಿಡಿದುಕೊಂಡೇ ಓಡಿಬಂದ. ಸಮವಸ್ತ್ರದಲ್ಲೇ ಕೈ ಕುಲುಕಲು ಬಂದಿದ್ದ.

"ನಾನೇ ಹೊಡ್ದಿದ್ದು!" ಹ್ಯೂಯಿ ಕೂಗಿದ. "ಕೊಲ್ಲಕ್ಕೇ ಹೊಡ್ದೆ. ಬರ್ಕೋ ಲೋರ್ಕನ್. ಯಾತರಲ್ಲಿ ಹೊಡ್ದೆ ಅಂತಾನೂ ಬರ್ಕೋ. ಈ ಪುಡೀನ ಗುಡಿಸ್ಕೊಂಡ್ ಹೋಗಿ ಜಡ್ಜ್ ಮುಂದೆ ಸುರಿ!"

ಆಗ ಗ್ರಾನ್ಯಾಳಿಗೆ ಹೊಳೆಯಿತು. ಹ್ಯೂಯಿ ಜೈಲಿಗೆ ಹೋಗಲು ಕೈ ಚಾಚುತ್ತಿದ್ದಾನೆ. ಕೊಲೆಯತ್ನದ ಕೇಸಾದರೆ ಬ್ಲಾಕು ನ್ಯಾಯಾಲಯ ಹತ್ತಲೇಬೇಕು. ತಲೆಗೆ ಬಿದ್ದು ಯಾಕೆ ಪುಡಿಯಾಯಿತು ಎಂದು ಯಾರಾದರೂ ಕೇಳಲೇಬೇಕು.

ಕಾನ್‌ಗೂ ಹೊಳೆಯಿತು. ತಲೆ ಒಡೆದಿತ್ತೇ ಹೊರತು ಕೆಟ್ಟಿರಲಿಲ್ಲ. ಗೋಡೆ ಹಿಡಿದು ಎದ್ದ, ಕರವಸ್ತ್ರಕ್ಕೆ ರಕ್ತ ಉಗುಳಿದ.

"ಯಾರು ಹೊಡೆದ್ರು? ಬಾಗ್ಲ ಮೆಟ್ಲಲ್ಲಿ ಜಾರಿ ಬಿದ್ದೆ. ಮಳೆ ನೋಡು ಹೇಗಿದೆ."

"ಈ ಪುಡಿ?" ಎಂದ ಲೋರ್ಕನ್.

"ಹಳೇ ಮನೆ ಮಗಾ. ಗೋಡೆಯಿಂದ ಉದುರಿರ್ಬೇಕು."

ರೋಶಾ ತಲೆಯೆತ್ತಿ ನೋಡಿದಳು.

"ಯಾರಾದ್ರೂ ನೋಡಿದ್ರಾ?" ಲೋರ್ಕನ್ ಕೋಣೆಯ ತುಂಬ ಕಣ್ಣಾಡಿಸಿದ. ಎಲ್ಲರೂ ತಮ್ಮ ತಮ್ಮ ಲೋಟದೊಳಗೆ ಇಣುಕಿದರು. ಅವರು ಕೆಟ್ಟವರಲ್ಲ. ಪ್ರತಿಯೊಬ್ಬರ ಮನೆಯೂ ಅದೇ ಬ್ಲಾಕಿನದು. ಅದನ್ನು ಬಾಯಿಬಿಟ್ಟು ಹೇಳಿದ ದಿನದಿಂದ ಆ ಮನೆಯನ್ನು ಕೊಳ್ಳಲು ಮೂಸಿ ನೋಡುವವರೂ ಇರುವುದಿಲ್ಲ. ಲೋರ್ಕನ್‌ನ ಮಲಗುವ ಕೋಣೆಯಲ್ಲೇ ಬೆರಳು ತೂರುವಷ್ಟು ಬಿರುಕಿತ್ತು, ಅದರ ಮುಂದೆ ಅವನ ಹೆಂಡತಿ ಬೀರು ಎಳೆದಿಟ್ಟಿದ್ದಳು.

"ಬಿದ್ದೆ ಅಂದ್ರೆ ಬಿದ್ದ ಹಾಗೇ," ಎಂದ ಲೋರ್ಕನ್.

ಹ್ಯೂಯಿ ನೆಲದ ಮೇಲೆ ಕುಸಿದು ಗೊಳೋ ಎಂದು ಅತ್ತ. ಅಣ್ಣನನ್ನು ಕಳೆದುಕೊಂಡವನು, ಅವನಿಗೆ ಜೈಲು ಕೂಡ ದಕ್ಕಲಿಲ್ಲ. ಮ್ಯಾನಸ್ ಗಾಳಿಗೆ ಸತ್ತ, ಕಾನ್ ಮಳೆಗೆ ಜಾರಿದ. ಈ ಊರಿನಲ್ಲಿ ಮನುಷ್ಯರು ಯಾರೂ ಏನೂ ಮಾಡುವುದಿಲ್ಲ, ಎಲ್ಲ ಮಾಡುವುದು ಹವಾಮಾನ.

ಕಾನ್ ಕೋಟು ಕೊಡವಿಕೊಂಡು ಗ್ರಾನ್ಯಾಳ ಮುಂದೆ ಬಂದ. ಮತ್ತೆ ಬಲಗೈ ಚಾಚಿದ.

"ಆಗಿದ್ದು ಆಗೋಯ್ತು. ಹೆಣದ ಮನೇಲಿ ಜಗಳ ಬೇಡ. ನಂಗೆ ಯಾರ ಮೇಲೂ ಸಿಟ್ಟಿಲ್ಲಮ್ಮಾ."

ಇವನು ನನ್ನನ್ನು ಕ್ಷಮಿಸುತ್ತಿದ್ದಾನೆ, ಎಂದು ಗ್ರಾನ್ಯಾಳಿಗೆ ಅರ್ಥವಾಯಿತು. ಅವಳ ಮೈಯೆಲ್ಲ ಉರಿಯಿತು. ಚಾಚಿದ ಕೈಯನ್ನು ಬೇಡ ಎನ್ನುವಂತಿಲ್ಲ. ಅವಳು ಎಡಗೈಯಿಂದ ಅದನ್ನು ಹಿಡಿದಳು, ಎಳೆದು ಒಲೆಯ ಕಲ್ಲಿನ ಕಟ್ಟೆಯ ಮೇಲಿಟ್ಟಳು. ಬೆಂಕಿ ಕೆದಕುವ ಕಬ್ಬಿಣದ ಸರಳು ಅವಳ ಮಗ್ಗುಲಲ್ಲೇ ಇತ್ತು. ಎತ್ತಿ ಬೀಸಿದಳು. ಮೊದಲ ಏಟಿಗೆ ಗೆಣ್ಣುಗಳು ಒಣ ಕಡ್ಡಿಯಂತೆ ಲಟಲಟನೆ ಮುರಿದವು. ಕಾನ್ ಕಿರುಚಿ ಮೊಳಕಾಲೂರಿದ, ಅವಳು ಕೈ ಬಿಡಲಿಲ್ಲ. ಎರಡನೆಯ ಏಟಿಗೆ ಚರ್ಮ ಹರಿದು ಎಲುಬು ಕಂಡಿತು. ಅವಳ ಬೆರಳಿನ ಗಾಯಗಳು ಬಿಚ್ಚಿಕೊಂಡು ಅವಳ ರಕ್ತವೂ ಅವನ ರಕ್ತವೂ ಕಲ್ಲಿನ ಮೇಲೆ ಕಲೆತವು. ಮೂರನೆಯದಕ್ಕೆ ಎತ್ತಿದಾಗ ಲೋರ್ಕನ್ ಹಿಂದಿನಿಂದ ತಬ್ಬಿ ಹಿಡಿದ.

"ಈ ಸರಳು ನಿನ್ ಗಣೀದಲ್ಲ, ಕಾನ್," ಎಂದಳು ಏದುಸಿರು ಬಿಡುತ್ತ. "ಈಗ್ಲೂ ಜಾರಿ ಬಿದ್ಯಾ?"

"ಹಿಡಿಯೋ ಅವಳ್ನ!" ಕಾನ್ ಅರಚಿದ. "ನೋಡ್ದೆ ತಾನೇ? ಕಣ್ಣಾರೆ ನೋಡ್ದೆ ತಾನೇ?"

ಲೋರ್ಕನ್ ಬೆವತುಹೋಗಿದ್ದ. "ಗಲಾಟೇಲಿ... ಯಾರಿಗೆ ಏನು ತಗುಲ್ತೋ..." ಎಂದು ತಡವರಿಸಿದ.

"ನಾನು ನೋಡಿದೆ."

ರೋಶಾ ಎದ್ದು ನಿಂತಿದ್ದಳು. ಒಂದು ಕೈ ಮಗನ ಪೆಟ್ಟಿಗೆಯ ಮೇಲೆ, ಇನ್ನೊಂದು ಕೈ ತನ್ನ ಗೋಡೆಯ ಮೇಲೆ.

"ನನ್ ಗೋಡೆ ಉದುರಲ್ಲ, ಲೋರ್ಕನ್. ಬಾ, ಕೆರೆದು ನೋಡು. ನನ್ ಸೊಸೆ ಇವನ ಕೈ ಮುರಿದ್ಳು. ಅದಕ್ಕೂ ಮುಂಚೆ ನನ್ ಚಿಕ್ಕ ಮಗ ಇವನದೇ ಬ್ಲಾಕಲ್ಲಿ ಇವನ ತಲೆಗೆ ಹೊಡೆದ, ಬ್ಲಾಕು ಪುಡಿಯಾಯ್ತು. ಎರಡನ್ನೂ ನೋಡಿದೆ. ಕೋರ್ಟಿಗೂ ಬಂದು ಹೇಳ್ತೀನಿ. ಬರ್ಕೋ."

ಕಿಟಕಿಯ ಬಳಿ ಗಣಿಯ ಹಳೆಯ ಕೆಲಸಗಾರನೊಬ್ಬ ಲೋಟವನ್ನು ಕೆಳಗಿಟ್ಟ. "ನಾನೂ ನೋಡ್ದೆ," ಎಂದ. ಅವನ ಹೆಂಡತಿ ಅವನ ತೋಳು ಚಿವುಟಿದಳು, ಆಮೇಲೆ ತಾನೂ ತಲೆಯಾಡಿಸಿದಳು.

ಕಾನ್‌ನನ್ನು ಇಬ್ಬರು ಹೊತ್ತು ಕಾರಿಗೆ ಹಾಕಿದರು. ಲೋರ್ಕನ್ ಟೋಪಿ ತೆಗೆದು ಹಣೆ ಒರೆಸಿಕೊಂಡ. ನೆಲದ ಮೇಲಿನ ಪುಡಿಯತ್ತ ನೋಡಿ ಕೇಳಿದ.

"ಯಾಕೆ ಹೊಡೆದೆ, ಗ್ರಾನ್ಯಾ?"

ಮೊದಲ ಬಿರುಕು ಕಂಡಂದಿನಿಂದ ಅವಳು ಎಷ್ಟೋ ಬಾಗಿಲು ತಟ್ಟಿದ್ದಳು. ಸರ್ಕಾರದ ಸಂಬಳ ತಿನ್ನುವ ಒಬ್ಬನಾದರೂ ಅವಳನ್ನು ಯಾಕೆ ಎಂದು ಕೇಳಿರಲಿಲ್ಲ. ಆ ಒಂದು ಪ್ರಶ್ನೆ ಕೇಳಿಸಿಕೊಳ್ಳಲು ಗಂಡ ಸಾಯಬೇಕಾಯಿತು, ಒಬ್ಬನ ಕೈ ಮುರಿಯಬೇಕಾಯಿತು. ಅವಳು ಸರಳನ್ನು ಒಲೆಗೆ ಒರಗಿಸಿ, ಮ್ಯಾನಸ್‌ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

"ಕೂತ್ಕೋ," ಎಂದಳು. "ಮೊದಲ ಲಾರಿ ಬ್ಲಾಕು ಇಳಿಸಿದ ದಿನದಿಂದ ಹೇಳ್ತೀನಿ."